ಅನ್ಯರ ರಕ್ತವನ್ನು ಕ್ಷಮಿಸಲು ಅಧ್ಯಕ್ಷನು ಯಾರು?



ಮಗ್ರಿಬ್ ನಮಾಝಿನ ನಂತರದ ತರಗತಿಯಲ್ಲಿ ಸೂರಃ ಅಶ್ಶೂರಾದ ಪಾಠ ನಡೆಯುತ್ತಿತ್ತು. ಕೆಡುಕಿಗೆ ಅಷ್ಟೇ ಪ್ರಮಾಣದ ಪ್ರತಿಫಲ ಪಡೆಯುವ ಹಕ್ಕು ಪೀಡಿತನಿಗೆ ಇದ್ದರೂ, ಕ್ಷಮಿಸಿ ಸಂಧಾನ ಮಾಡಿಕೊಂಡವನ ಪ್ರತಿಫಲವನ್ನು ಅಲ್ಲಾಹನು ತನ್ನ ಹೊಣೆಯಾಗಿ ಸ್ವೀಕರಿಸಿದ್ದಾನೆ ಎಂಬ ಆಶಯದ 40ನೆಯ ವಚನವನ್ನು ವಿವರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ 14 ವರ್ಷದ ವಿದ್ಯಾರ್ಥಿಯೊಬ್ಬ ಎದ್ದು ನಿಂತ. “ಉಸ್ತಾದರೇ, ಕ್ಷಮಿಸುವವನು ಅಲ್ಲಾಹನಿಗೆ ಪ್ರಿಯನೆಂದು ನೀವೇ ಹೇಳುತ್ತೀರಿ. ಅಮೆರಿಕದ ಅಧ್ಯಕ್ಷರು ಒಂದೇ ದಿನ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕ್ಷಮಿಸಿದರಂತೆ. ಹಾಗಾದರೆ ಅವರು ಒಳ್ಳೆಯ ಕೆಲಸವನ್ನೇ ಮಾಡಿದಂತಾಯಿತಲ್ಲವೇ?”

ಉಳಿದ ಮಕ್ಕಳು ನಕ್ಕರು. ನಾನು ನಗಲಿಲ್ಲ. ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನನ್ನ ಪಾಠದಲ್ಲಿ ಕೊರತೆಯಿತ್ತು. ಕ್ಷಮೆಯ ಶ್ರೇಷ್ಠತೆಯನ್ನು ಬೋಧಿಸಿದ ನಾನು, ಕ್ಷಮಿಸುವ ಅಧಿಕಾರ ಯಾರದು ಎಂಬುದನ್ನು ಬೋಧಿಸಿರಲಿಲ್ಲ. ಈ ಎರಡನೆಯ ಮಾತನ್ನು ಮರೆತರೆ ಮೊದಲನೆಯ ಮಾತು ಅಕ್ರಮಿಗಳ ಕೈಯಲ್ಲಿ ಆಯುಧವಾಗುತ್ತದೆ. ಆ ಬಾಲಕನಿಗೆ ಅಂದು ಅರ್ಧದಲ್ಲೇ ನಿಲ್ಲಿಸಿದ ಉತ್ತರವನ್ನು ಇಲ್ಲಿ ಪೂರ್ಣಗೊಳಿಸಲು ಯತ್ನಿಸುತ್ತೇನೆ.

ಬಗ್ದಾದಿನ ಚೌಕದಲ್ಲಿ

ಮೊದಲು ಒಂದು ಘಟನೆಯನ್ನು ಸ್ಮರಿಸೋಣ. 2007ರ ಸೆಪ್ಟೆಂಬರ್ 16. ರಮದಾನಿನ ಮೊದಲ ವಾರ. ಇರಾಕಿನ ರಾಜಧಾನಿ ಬಗ್ದಾದಿನ ನಿಸೂರ್ ಚೌಕದಲ್ಲಿ ವಾಹನಗಳು ದಟ್ಟವಾಗಿ ಸೇರಿದ್ದವು. ಅಮೆರಿಕದ ವಿದೇಶಾಂಗ ಇಲಾಖೆಯ ಗುತ್ತಿಗೆಯಲ್ಲಿ ದುಡಿಯುತ್ತಿದ್ದ ಬ್ಲ್ಯಾಕ್‌ವಾಟರ್ ಎಂಬ ಖಾಸಗಿ ಭದ್ರತಾ ಸಂಸ್ಥೆಯ ಶಸ್ತ್ರಸಜ್ಜಿತ ವಾಹನಗಳು ಚೌಕವನ್ನು ಪ್ರವೇಶಿಸಿದವು. ಬಿಳಿ ಬಣ್ಣದ ಕಾರೊಂದನ್ನು ವೈದ್ಯಕೀಯ ವಿದ್ಯಾರ್ಥಿಯೊಬ್ಬ ಚಲಾಯಿಸುತ್ತಿದ್ದ; ಪಕ್ಕದಲ್ಲಿ ವೈದ್ಯೆಯಾಗಿದ್ದ ಅವನ ತಾಯಿ ಕುಳಿತಿದ್ದರು. ಮೊದಲು ಬಲಿಯಾದವರು ಆ ತಾಯಿ ಮತ್ತು ಮಗ. ಅನಂತರ ಮೆಷಿನ್ ಗನ್‌ಗಳೂ ಗ್ರೆನೇಡುಗಳೂ ಸದ್ದು ಮಾಡಿದವು. ಅಂದು ಪ್ರಾಣ ಕಳೆದುಕೊಂಡವರು 17 ಮಂದಿ ಇರಾಕಿ ನಾಗರಿಕರು. ಅವರಲ್ಲಿ ತಂದೆಯ ಕಾರಿನಲ್ಲಿ ಕುಳಿತಿದ್ದ 9 ವರ್ಷದ ಬಾಲಕನೂ ಇದ್ದ.

ಆ ಕುಟುಂಬಗಳು ತಮ್ಮದೇ ದೇಶದ ನ್ಯಾಯಾಲಯದ ಬಾಗಿಲು ತಟ್ಟುವಂತಿರಲಿಲ್ಲ. ಇರಾಕನ್ನು ಆಕ್ರಮಿಸಿ ಆಳುತ್ತಿದ್ದ ಅಮೆರಿಕದ ಆಡಳಿತವು 2004ರಲ್ಲೇ ಆದೇಶವೊಂದನ್ನು ಹೊರಡಿಸಿ, ಇಂತಹ ಗುತ್ತಿಗೆದಾರರನ್ನು ಇರಾಕಿನ ಕಾನೂನಿನಿಂದ ಹೊರಗಿಟ್ಟಿತ್ತು. ಹಾಗಾಗಿ ಉಳಿದದ್ದು ಒಂದೇ ಬಾಗಿಲು: ಅಮೆರಿಕದ ನ್ಯಾಯಾಲಯ. ನ್ಯಾಯವಾಗಿ ಹೇಳಬೇಕೆಂದರೆ, ಆ ದೇಶದ ತನಿಖಾಧಿಕಾರಿಗಳೂ ಸರಕಾರಿ ವಕೀಲರೂ ಈ ಮೊಕದ್ದಮೆಗಾಗಿ ವರ್ಷಗಟ್ಟಲೆ ಪ್ರಾಮಾಣಿಕವಾಗಿ ದುಡಿದರು. 2009ರ ಕೊನೆಯ ದಿನ ನ್ಯಾಯಾಧೀಶರೊಬ್ಬರು ಆರೋಪಪಟ್ಟಿಯನ್ನು ತಳ್ಳಿಹಾಕಿದರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದಕ್ಕೆ ಮರುಜೀವ ನೀಡಿತು. ಸುಮಾರು 30 ಮಂದಿ ಇರಾಕಿಗಳು ಸಮುದ್ರ ದಾಟಿ ವಾಷಿಂಗ್ಟನ್ನಿಗೆ ಹೋಗಿ, ತಮ್ಮ ಮೇಲೆ ಯುದ್ಧ ಸಾರಿದ್ದ ದೇಶದ ನ್ಯಾಯಪೀಠದ ಮುಂದೆ ನಿಂತು ಸಾಕ್ಷಿ ನುಡಿದರು. 2014ರ ಅಕ್ಟೋಬರಿನಲ್ಲಿ ಜ್ಯೂರಿಯು ನಾಲ್ವರನ್ನು ಅಪರಾಧಿಗಳೆಂದು ಘೋಷಿಸಿತು. ಮತ್ತೆ ಮೇಲ್ಮನವಿ, ಮತ್ತೆ ವಿಚಾರಣೆ. ಕೊನೆಗೆ 2019ರಲ್ಲಿ ನಿಕೊಲಸ್ ಸ್ಲ್ಯಾಟನ್ ಎಂಬಾತನಿಗೆ ಜೀವಾವಧಿ ಶಿಕ್ಷೆಯಾಯಿತು. ಉಳಿದ ಮೂವರ 30 ವರ್ಷಗಳ ಶಿಕ್ಷೆಯು ಅರ್ಧಕ್ಕೆ ಅಥವಾ ಅದಕ್ಕೂ ಕಡಿಮೆಗೆ ಇಳಿಯಿತು. ಒಟ್ಟು 12 ವರ್ಷಗಳ ಹೋರಾಟವದು.

2020ರ ಡಿಸೆಂಬರ್ 22ರಂದು, ಚುನಾವಣೆಯಲ್ಲಿ ಸೋತು ಅಧಿಕಾರ ಬಿಡುವ ಮೊದಲು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಒಂದು ಸಹಿಯಿಂದ ಆ ನಾಲ್ವರಿಗೂ ಪೂರ್ಣ ಕ್ಷಮಾದಾನ ನೀಡಿದರು. ಅವರು ದೇಶಕ್ಕೆ ಸೇವೆ ಸಲ್ಲಿಸಿದ ಮಾಜಿ ಯೋಧರು, ಅವರ ಬಿಡುಗಡೆಗೆ ಜನರ ಮತ್ತು ಕೆಲವು ಚುನಾಯಿತ ಪ್ರತಿನಿಧಿಗಳ ಬೆಂಬಲವಿದೆ ಎಂಬುದು ನೀಡಲಾದ ಸಮಜಾಯಿಷಿಯಾಗಿತ್ತು. ಯಾವ ಜನರ ಬೆಂಬಲ? ಆ 9 ವರ್ಷದ ಬಾಲಕನ ತಂದೆಯನ್ನು ಕೇಳಲಾಯಿತೇ? ತಾಯಿ ಮತ್ತು ಮಗನನ್ನು ಒಂದೇ ದಿನ ದಫನ ಮಾಡಿದ ಮನೆಯವರನ್ನು ಕೇಳಲಾಯಿತೇ? ಮಕ್ಕಳನ್ನು ಕಳೆದುಕೊಂಡವರು ಬಗ್ದಾದಿನಲ್ಲಿದ್ದರು, ಕ್ಷಮಿಸಿದವರು ವಾಷಿಂಗ್ಟನ್ನಿನಲ್ಲಿದ್ದರು. ಇದಕ್ಕೆ ಕ್ಷಮೆ ಎಂಬ ಪವಿತ್ರ ಹೆಸರನ್ನು ನೀಡಿದವರು ಆ ಪದಕ್ಕೆ ಅಪಚಾರ ಎಸಗಿದ್ದಾರೆ.

ಬೆಂಬಲಿಗರಿಗೆ ಬಹುಮಾನ

ಇದು ಒಂಟಿ ಘಟನೆಯಾಗಿದ್ದರೆ ವಿವೇಚನೆಯ ದೋಷವೆಂದು ಬಿಟ್ಟುಬಿಡಬಹುದಿತ್ತು. ಆದರೆ 2019ರ ನವೆಂಬರಿನಲ್ಲಿ ಕ್ಲಿಂಟ್ ಲೊರಾನ್ಸ್ ಎಂಬ ಸೇನಾಧಿಕಾರಿಗೂ ಕ್ಷಮಾದಾನ ದೊರೆತಿತ್ತು. 2012ರಲ್ಲಿ ಅಫ್ಘಾನಿಸ್ತಾನದ ಕಂದಹಾರ್ ಪ್ರಾಂತ್ಯದಲ್ಲಿ ಮೂವರು ನಿವಾಸಿಗಳ ಮೇಲೆ ಗುಂಡು ಹಾರಿಸುವಂತೆ ಆತ ಆದೇಶಿಸಿದ್ದ. ಅವರಲ್ಲಿ ಇಬ್ಬರು ಸತ್ತರು. ಆತನ ವಿರುದ್ಧ ಸಾಕ್ಷಿ ಹೇಳಿದವರು ಅವನದೇ ತುಕಡಿಯ ಅಮೆರಿಕನ್ ಸೈನಿಕರು. 19 ವರ್ಷಗಳ ಶಿಕ್ಷೆಯಲ್ಲಿ ಸುಮಾರು 6 ವರ್ಷ ಕಳೆದು ಆತ ಹೊರಬಂದ. ಇಂತಹ ಆರೋಪಿಗಳ ಪರವಾಗಿ ಟಿವಿಯಲ್ಲಿ ವಾದಿಸುತ್ತಿದ್ದ ನಿರೂಪಕ ಪೀಟ್ ಹೆಗ್ಸೆತ್ 2025ರಲ್ಲಿ ಆ ದೇಶದ ರಕ್ಷಣಾ ಕಾರ್ಯದರ್ಶಿಯಾದರು.

ಇನ್ನು ನನ್ನ ವಿದ್ಯಾರ್ಥಿ ಕೇಳಿದ ಸಂಗತಿ. 2021ರ ಜನವರಿ 6ರಂದು ಚುನಾವಣೆಯ ಫಲಿತಾಂಶವನ್ನು ಒಪ್ಪದ ಗುಂಪು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿತು. ಅಂದು ಸುಮಾರು 140 ಪೊಲೀಸರು ಹಲ್ಲೆಗೊಳಗಾದರು. ನಾಲ್ಕು ವರ್ಷಗಳಲ್ಲಿ ನ್ಯಾಯಾಲಯಗಳು ಒಬ್ಬೊಬ್ಬರನ್ನೇ ವಿಚಾರಿಸಿ ತೀರ್ಪು ನೀಡಿದವು. 2025ರ ಜನವರಿ 20ರಂದು, ಎರಡನೆಯ ಬಾರಿಗೆ ಪ್ರಮಾಣವಚನ ಸ್ವೀಕರಿಸಿದ ದಿನವೇ, ಟ್ರಂಪ್ ಅವರು ಸುಮಾರು 1,500 ಮಂದಿಗೆ ಕ್ಷಮಾದಾನ ನೀಡಿದರು; ಇನ್ನೂ 14 ಮಂದಿಯ ಶಿಕ್ಷೆಯನ್ನು ಕಡಿತಗೊಳಿಸಿದರು. ರಾಜದ್ರೋಹದ ಒಳಸಂಚಿಗಾಗಿ 22 ವರ್ಷಗಳ ಶಿಕ್ಷೆ ಪಡೆದಿದ್ದ ಎನ್ರಿಕೆ ಟಾರಿಯೊ ಕೂಡ ಮುಕ್ತನಾದ. ಸುಮ್ಮನೆ ಒಳಗೆ ಹೊಕ್ಕು ನಿಂತವನಿಗೂ ಪೊಲೀಸನಿಗೆ ಹೊಡೆದವನಿಗೂ ನಡುವೆ ವ್ಯತ್ಯಾಸವನ್ನು ಮಾಡಲಿಲ್ಲ. ಅವರೆಲ್ಲರನ್ನೂ ಒಂದುಗೂಡಿಸಿದ ಅರ್ಹತೆ ಒಂದೇ: ಅವರು ಕ್ಷಮಿಸುವವನ ಪರವಾಗಿ ಬೀದಿಗಿಳಿದಿದ್ದರು.

ಪಕ್ಷಪಾತವಿಲ್ಲದೆ ಹೇಳಬೇಕಾದ ಇನ್ನೊಂದು ಮಾತಿದೆ. ಇದು ಒಂದೇ ಪಕ್ಷದ ರೋಗವಲ್ಲ. 2024ರ ಡಿಸೆಂಬರ್ 1ರಂದು ಅಧ್ಯಕ್ಷ ಜೋ ಬೈಡನ್ ಅವರು, ಹಾಗೆ ಮಾಡುವುದಿಲ್ಲವೆಂದು ಹಿಂದೆ ಹೇಳಿದ್ದರೂ, ತಮ್ಮ ಸ್ವಂತ ಮಗನಿಗೆ ಕ್ಷಮಾದಾನ ನೀಡಿದರು. ಅಧಿಕಾರದ ಕೊನೆಯ ಗಳಿಗೆಯಲ್ಲಿ ತಮ್ಮ ಒಡಹುಟ್ಟಿದವರಿಗೂ ಮುಂಚಿತವಾಗಿಯೇ ರಕ್ಷೆ ನೀಡಿದರು. ಅಲ್ಲಿ ಯಾರ ರಕ್ತವೂ ಹರಿದಿರಲಿಲ್ಲ ಎಂಬ ವ್ಯತ್ಯಾಸವನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಮಗನಿಗೊಂದು ಕಾನೂನು, ನೆರೆಯವನಿಗೊಂದು ಕಾನೂನು ಎಂಬುದು ನ್ಯಾಯವಲ್ಲ. ಸತ್ಯವಿಶ್ವಾಸಿಗಳು ಸ್ವತಃ ತಮ್ಮ ವಿರುದ್ಧ, ತಂದೆತಾಯಿಗಳ ಮತ್ತು ಬಂಧುಗಳ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೆಯ ವಚನದಲ್ಲಿ ಆಜ್ಞಾಪಿಸಲಾಗಿದೆ.

ರಾಜರಿಂದ ಬಂದ ಅಧಿಕಾರ

ಈ ಅಧಿಕಾರ ಎಲ್ಲಿಂದ ಬಂತು? ಇಂಗ್ಲೆಂಡಿನ ರಾಜರ ವಿಶೇಷಾಧಿಕಾರವನ್ನು ಅಮೆರಿಕದ ಸಂವಿಧಾನವು ತನ್ನ ಎರಡನೆಯ ವಿಧಿಯಲ್ಲಿ ಅಧ್ಯಕ್ಷನಿಗೆ ವಹಿಸಿತು. ಮಹಾಭಿಯೋಗದ ಪ್ರಕರಣಗಳನ್ನು ಬಿಟ್ಟರೆ ಒಕ್ಕೂಟದ ಕಾನೂನಿನ ವಿರುದ್ಧದ ಯಾವ ಅಪರಾಧವನ್ನಾದರೂ ಆತ ಕ್ಷಮಿಸಬಹುದು. ಸಂಸತ್ತಿನ ಒಪ್ಪಿಗೆ ಬೇಡ, ನ್ಯಾಯಾಲಯದ ಪರಿಶೀಲನೆ ಇಲ್ಲ, ಕಾರಣ ತಿಳಿಸುವ ಹೊಣೆಯೂ ಇಲ್ಲ. ಇದನ್ನು ಸಮರ್ಥಿಸಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ರಾಜಕಾರಣಿಯ ವಾದವು ಪೊಳ್ಳಾಗಿರಲಿಲ್ಲ: ಬಂಡಾಯದ ಕಾಲದಲ್ಲಿ ಸರಿಯಾದ ಗಳಿಗೆಯಲ್ಲಿ ನೀಡಿದ ಕ್ಷಮೆಯು ದೇಶಕ್ಕೆ ಶಾಂತಿಯನ್ನು ಮರಳಿಸಬಲ್ಲದು ಎಂಬುದು ಅದರ ಸಾರ. ಆದರೆ ಅದೇ ಕಾಲದ ಜಾರ್ಜ್ ಮೇಸನ್ ಅವರು 1788ರಲ್ಲಿ ವರ್ಜೀನಿಯಾದ ಸಭೆಯಲ್ಲಿ ಒಂದು ಭೀತಿಯನ್ನು ವ್ಯಕ್ತಪಡಿಸಿದರು: ಅಧ್ಯಕ್ಷನೇ ಪ್ರೇರೇಪಿಸಿದ ಅಪರಾಧಗಳನ್ನು ಅಧ್ಯಕ್ಷನೇ ಕ್ಷಮಿಸಿದರೆ ಗತಿಯೇನು?

ಹ್ಯಾಮಿಲ್ಟನ್ನರ ಆಸೆಗೆ ತಕ್ಕ ಉದಾಹರಣೆಯೂ ಆ ದೇಶದ ಚರಿತ್ರೆಯಲ್ಲಿದೆ. ಮದ್ಯದ ಮೇಲಿನ ತೆರಿಗೆಯ ವಿರುದ್ಧ ಬಂಡಾಯವೆದ್ದು ದೇಶದ್ರೋಹದ ಅಪರಾಧಿಗಳೆನಿಸಿದ ಇಬ್ಬರನ್ನು 1795ರಲ್ಲಿ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕ್ಷಮಿಸಿದರು. ಅವರು ವಾಷಿಂಗ್ಟನ್ನರ ಸರಕಾರದ ವಿರುದ್ಧವೇ ಎದ್ದಿದ್ದವರು. ಅಂದರೆ ಆತ ಕ್ಷಮಿಸಿದ್ದು ತನ್ನ ವಿರೋಧಿಗಳನ್ನು. 2025ರಲ್ಲಿ ನಡೆದದ್ದು ಇದರ ತಿರುಗುಮುರುಗು. ಮೇಸನ್ನರ ಭೀತಿಗೆ ಅದು ಎಷ್ಟು ಸಮೀಪವಿದೆ ಎಂಬುದನ್ನು ಓದುಗರೇ ನಿರ್ಣಯಿಸಲಿ. 2018ರಲ್ಲಿ ಟ್ರಂಪ್ ಅವರು ತಮ್ಮನ್ನು ತಾವೇ ಕ್ಷಮಿಸಿಕೊಳ್ಳುವ ಸಂಪೂರ್ಣ ಹಕ್ಕು ತಮಗಿದೆಯೆಂದು ಬಹಿರಂಗವಾಗಿ ಘೋಷಿಸಿದ್ದರು. ಎಲ್ಲೆಯಿಲ್ಲದ ಅಧಿಕಾರವು ಕೊನೆಗೆ ತಲುಪುವ ತಾಣ ಇದೇ.

ಹಕ್ಕು ಯಾರದೋ ಕ್ಷಮೆಯೂ ಅವರದೇ

ಇಸ್ಲಾಮಿನ ಕರ್ಮಶಾಸ್ತ್ರವು ಹಕ್ಕುಗಳನ್ನು ಎರಡಾಗಿ ವಿಂಗಡಿಸುತ್ತದೆ: ಹುಕೂಕುಲ್ಲಾಹ್, ಅಂದರೆ ಅಲ್ಲಾಹನ ಹಕ್ಕುಗಳು, ಹುಕೂಕುಲ್ ಇಬಾದ್, ಅಂದರೆ ದಾಸರ ಹಕ್ಕುಗಳು. ನಮಾಝಿನಲ್ಲಿ, ಉಪವಾಸದಲ್ಲಿ ತಪ್ಪು ಮಾಡಿದವನು ಪಶ್ಚಾತ್ತಾಪದಿಂದ ಕೈ ಎತ್ತಿದರೆ ಅಲ್ಲಾಹನ ಕರುಣೆಯ ಬಾಗಿಲು ತೆರೆದಿದೆ. ಆದರೆ ನೆರೆಯವನ ಹಣ ತಿಂದವನು, ಮಾನ ಕಳೆದವನು, ರಕ್ತ ಹರಿಸಿದವನು ಕೇವಲ ಕೈ ಎತ್ತಿದರೆ ಸಾಲದು; ಆ ನೆರೆಯವನ ಬಳಿಗೆ ಹೋಗಬೇಕು. ಹುತಾತ್ಮನ ಎಲ್ಲ ಪಾಪಗಳೂ ಮನ್ನಿಸಲ್ಪಡುತ್ತವೆ, ಸಾಲವೊಂದನ್ನು ಬಿಟ್ಟು, ಎಂಬ ಆಶಯದ ಹದೀಸನ್ನು ನಾವು ಕೇಳಿದ್ದೇವೆ. ಇದರ ಗಾಂಭೀರ್ಯವನ್ನು ಚಿಂತಿಸಿ. ಸಕಲ ಲೋಕಗಳ ಒಡೆಯನು, ಕರುಣೆಯನ್ನು ತನ್ನ ಮೇಲೆ ಕಡ್ಡಾಯಗೊಳಿಸಿಕೊಂಡವನು, ಅವನೇ ದಾಸನ ಹಕ್ಕನ್ನು ದಾಸನಿಗೆ ಬಿಟ್ಟಿದ್ದಾನೆ. ಹೀಗಿರುವಾಗ ನಾಲ್ಕು ವರ್ಷಕ್ಕೆ ಆರಿಸಿ ಬಂದ ಅಧ್ಯಕ್ಷನೊಬ್ಬನು ಬಗ್ದಾದಿನ ಅನಾಥರ ಹಕ್ಕನ್ನು ತನ್ನ ಮೇಜಿನ ಮೇಲೆ ಮನ್ನಾ ಮಾಡುವುದೆಂದರೇನು?

ಅನ್ಯಾಯವಾಗಿ ಕೊಲ್ಲಲ್ಪಟ್ಟವನ ವಾರಸುದಾರನಿಗೆ ಅಧಿಕಾರವನ್ನು ನೀಡಲಾಗಿದೆಯೆಂದು ಸೂರಃ ಬನೀ ಇಸ್ರಾಈಲ್‌ನ 33ನೆಯ ವಚನವು ತಿಳಿಸುತ್ತದೆ. ಅದರ ಬೆನ್ನಲ್ಲೇ ಅವನು ಮಿತಿ ಮೀರಬಾರದೆಂದೂ ಎಚ್ಚರಿಸುತ್ತದೆ. ಸೂರಃ ಅಲ್ ಬಕರದ 178ನೆಯ ವಚನವು ಆ ವಾರಸುದಾರನಿಗೆ ಕ್ಷಮಿಸುವ, ದಿಯತ್ ಅಂದರೆ ಪರಿಹಾರಧನ ಸ್ವೀಕರಿಸುವ ದಾರಿಯನ್ನು ತೆರೆದು, ಇದನ್ನು ಅಲ್ಲಾಹನ ಕಡೆಯ ರಿಯಾಯಿತಿ ಮತ್ತು ಕೃಪೆಯೆಂದು ಬಣ್ಣಿಸುತ್ತದೆ. ಶಿಕ್ಷೆಯನ್ನು ಜಾರಿಗೊಳಿಸುವುದು ಆಡಳಿತದ ಕೆಲಸ. ಆದರೆ ಕ್ಷಮೆಯ ಕೀಲಿಕೈ ಇರುವುದು ಅತ್ತ ಕಣ್ಣುಗಳ ಬಳಿ.

ಪ್ರವಾದಿವರ್ಯರ(ಸ) ಜೀವನವು ಇದರ ಜೀವಂತ ವಿವರಣೆಯಾಗಿದೆ. ಮಖ್ಝೂಮ್ ಎಂಬ ಗಣ್ಯ ಗೋತ್ರದ ಮಹಿಳೆಯೊಬ್ಬಳು ಕಳ್ಳತನದಲ್ಲಿ ಸಿಕ್ಕಿಬಿದ್ದಾಗ ಕುಲದವರು ಪ್ರವಾದಿಯವರ(ಸ) ಪ್ರೀತಿಪಾತ್ರರಾದ ಉಸಾಮರನ್ನು(ರ) ಶಿಫಾರಸಿಗೆ ಕಳುಹಿಸಿದರು. ಪ್ರವಾದಿಯವರು(ಸ) ಕೋಪಗೊಂಡರು. ಗಣ್ಯನು ಕದ್ದರೆ ಬಿಟ್ಟು ಬಡವನು ಕದ್ದರೆ ದಂಡಿಸುತ್ತಿದ್ದುದರಿಂದಲೇ ಹಿಂದಿನ ಜನಾಂಗಗಳು ನಾಶವಾದವೆಂದೂ, ತನ್ನ ಮಗಳು ಫಾತಿಮಾ(ರ) ಅದೇ ತಪ್ಪು ಮಾಡಿದ್ದರೂ ಅದೇ ಶಿಕ್ಷೆಯೆಂದೂ ಸ್ಪಷ್ಟಪಡಿಸಿದರು. ಇತ್ತ ಮಗನಿಗೆ ಸಹಿ ಹಾಕಿಕೊಟ್ಟ ಅಧ್ಯಕ್ಷ. ಅತ್ತ ಮಗಳ ಹೆಸರನ್ನೇ ಮಾಪನವಾಗಿ ಮುಂದಿಟ್ಟ ಪ್ರವಾದಿ(ಸ).

“ಹಾಗಾದರೆ ಮಕ್ಕಾ ವಿಜಯದ ದಿನ ಪ್ರವಾದಿಯವರು(ಸ) ಸಾಮೂಹಿಕವಾಗಿ ಕ್ಷಮಿಸಲಿಲ್ಲವೇ?” ಎಂದು ಕೇಳುವವರಿದ್ದಾರೆ. ಹೌದು, ಕ್ಷಮಿಸಿದರು. ಯಾರನ್ನು? ಅವರ ದಾರಿಯಲ್ಲಿ ಮುಳ್ಳು ಹಾಸಿದವರನ್ನು, ಅವರನ್ನು ಹುಟ್ಟೂರಿನಿಂದ ಹೊರದೂಡಿದವರನ್ನು, ಅವರ ಮೇಲೆ ಯುದ್ಧ ಹೂಡಿದವರನ್ನು. ಚಿಕ್ಕಪ್ಪ ಹಂಝಾರನ್ನು(ರ) ಈಟಿಯಿಂದ ಕೊಂದ ವಹ್ಶಿಯೂ ನಂತರ ಇಸ್ಲಾಮ್ ಸ್ವೀಕರಿಸಿ ಕ್ಷಮೆ ಪಡೆದರು. ಅಲ್ಲಿ ಕ್ಷಮಿಸಿದವರು ಹತರಾದವರ ರಕ್ತಸಂಬಂಧಿಯೇ ಆಗಿದ್ದರು. ಅನಂತರ ಹಜ್ಜತುಲ್ ವದಾದ ಪ್ರವಚನದಲ್ಲಿ ಅಜ್ಞಾನಕಾಲದ ರಕ್ತದ್ವೇಷಗಳನ್ನೆಲ್ಲ ರದ್ದುಗೊಳಿಸಿದಾಗ ಅವರು ಮೊದಲು ರದ್ದುಪಡಿಸಿದ್ದು ತನ್ನದೇ ಕುಟುಂಬಕ್ಕೆ ಬರಬೇಕಾಗಿದ್ದ ರಕ್ತದ ಹಕ್ಕನ್ನು. ತನ್ನ ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟವನೇ ಕ್ಷಮಿಸಿದವನು. ಅನ್ಯರ ಕೈಯಿಂದ ಕಸಿದು ತನ್ನವರಿಗೆ ಹಂಚಿದವನನ್ನು ನಮ್ಮ ಭಾಷೆಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ.

ಚರಿತ್ರೆಯ ಒಂದು ಕಠಿಣ ಪುಟವನ್ನೂ ಮುಚ್ಚಿಡಬಾರದು. ಖಲೀಫ ಉಮರ್(ರ) ಅವರನ್ನು ಅಬೂ ಲುಅ್‌ಲುಅ ಎಂಬವನು ಇರಿದು ಕೊಂದಾಗ, ಅವರ ಮಗ ಉಬೈದುಲ್ಲಾಹ್ ದುಃಖದ ಆವೇಶದಲ್ಲಿ, ಒಳಸಂಚಿನ ಸಂಶಯದ ಮೇಲೆ, ಪರ್ಶಿಯಾದವನಾದ ಹುರ್ಮುಝಾನನನ್ನು ಕೊಂದುಬಿಟ್ಟರು. ಹೊಸ ಖಲೀಫ ಉಸ್ಮಾನ್(ರ) ಅವರ ಮುಂದೆ ಬಂದ ಮೊದಲ ದೊಡ್ಡ ಪ್ರಕರಣವದು. ಹತನಾದ ಖಲೀಫರ ಮಗ. ಇಡೀ ಮದೀನಾದ ಅನುಕಂಪ ಅವನ ಕಡೆಗೆ. ವರದಿಗಳಲ್ಲಿ ಭಿನ್ನತೆಯಿದ್ದರೂ, ಹತನಿಗೆ ವಾರಸುದಾರರಿಲ್ಲದ ಕಾರಣ ಆ ಸ್ಥಾನದಲ್ಲಿ ತಾನೇ ನಿಂತು, ಪರಿಹಾರಧನವನ್ನು ತನ್ನ ಸ್ವಂತ ಸಂಪತ್ತಿನಿಂದ ಕೊಟ್ಟು ಉಸ್ಮಾನರು(ರ) ಅದನ್ನು ಇತ್ಯರ್ಥಪಡಿಸಿದರೆಂಬುದು ಪ್ರಸಿದ್ಧವಾಗಿದೆ. ಅಷ್ಟಾದರೂ ಅಲೀ(ರ) ಅವರು ಪ್ರತಿದಂಡನೆಯೇ ಆಗಬೇಕೆಂಬ ಅಭಿಪ್ರಾಯ ಹೊಂದಿದ್ದರು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಪರದೇಶದಿಂದ ಬಂದ, ದಿಕ್ಕಿಲ್ಲದ ಒಬ್ಬನ ರಕ್ತಕ್ಕೂ ವಾರಸುದಾರನ ಸ್ಥಾನವನ್ನು ತುಂಬಬೇಕಾಯಿತು, ಬೆಲೆ ತೆರಬೇಕಾಯಿತು, ಸಹಾಬಿಗಳ ಆಕ್ಷೇಪವನ್ನು ಎದುರಿಸಬೇಕಾಯಿತು. ನಿಸೂರ್ ಚೌಕದ ರಕ್ತಕ್ಕೆ ವಾರಸುದಾರರಿದ್ದರು. ಅವರು ಬದುಕಿದ್ದರು. ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದಿದ್ದರು.

ಆಕ್ಷೇಪಗಳಿಗೆ ಉತ್ತರ

ನ್ಯಾಯಾಲಯಗಳು ತಪ್ಪು ಮಾಡುವುದಿಲ್ಲವೇ, ಆಗ ಕ್ಷಮಾದಾನ ಬೇಡವೇ ಎಂಬುದು ಮೊದಲ ಆಕ್ಷೇಪ. ಖಂಡಿತ ಬೇಕು. ಸಂಶಯವಿರುವಲ್ಲಿ ಶಿಕ್ಷೆಯನ್ನು ತಡೆಯಬೇಕೆಂಬುದು, ಶಿಕ್ಷಿಸುವಲ್ಲಿ ತಪ್ಪುವುದಕ್ಕಿಂತ ಕ್ಷಮಿಸುವಲ್ಲಿ ತಪ್ಪುವುದು ಮೇಲೆಂಬುದು ನಮ್ಮ ವಿದ್ವಾಂಸರ ಮಾತು. ರಾಷ್ಟ್ರದ ಹಕ್ಕಿಗೆ ಮಾತ್ರ ಚ್ಯುತಿಯಾದ ತಪ್ಪುಗಳಲ್ಲಿ ಸಾರ್ವಜನಿಕ ಹಿತವನ್ನು ನೋಡಿ ಆಡಳಿತಗಾರನು ಕ್ಷಮಿಸಬಹುದೆಂದೂ ಅವರು ಹೇಳಿದ್ದಾರೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು 1977ರ ಜನವರಿ 21ರಂದು, ವಿಯೆಟ್ನಾಮ್ ಯುದ್ಧದ ಕಡ್ಡಾಯ ಸೇನಾ ಸೇವೆಯನ್ನು ತಪ್ಪಿಸಿಕೊಂಡವರನ್ನು ಕ್ಷಮಿಸಿದರು. ಅದು ರಾಷ್ಟ್ರವು ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟದ್ದು. ಅಧ್ಯಕ್ಷ ಬರಾಕ್ ಒಬಾಮ 1,715 ಕೈದಿಗಳ ಶಿಕ್ಷೆಯನ್ನು ಕಡಿತಗೊಳಿಸಿದರು. ಅವರಲ್ಲಿ ಬಹುತೇಕರು ಮಾದಕವಸ್ತು ಪ್ರಕರಣಗಳಲ್ಲಿ ಅತಿದೀರ್ಘ ಶಿಕ್ಷೆಗೆ ಗುರಿಯಾಗಿದ್ದವರು. ಅವರ ಬಿಡುಗಡೆಯಿಂದ ಯಾವ ವಾರಸುದಾರನ ಹಕ್ಕೂ ಹಾಳಾಗಲಿಲ್ಲ. ಹಾಗಾಗಿ ನಾವು ವಿರೋಧಿಸುವುದು ಕರುಣೆಯನ್ನಲ್ಲ, ಕರುಣೆಯ ವೇಷವನ್ನು.

ಇದೇ ಸಂದರ್ಭದಲ್ಲಿ ನಮ್ಮ ಮಕ್ಕಳು ಅರಿಯಬೇಕಾದ ಒಂದು ಸಂಗತಿ. ಮುಷ್ಟಿಯುದ್ಧದ ವೀರ ಮುಹಮ್ಮದ್ ಅಲಿ 1967ರಲ್ಲಿ ತನ್ನ ವಿಶ್ವಾಸದ ಕಾರಣದಿಂದ ಸೇನೆಗೆ ಸೇರಲು ನಿರಾಕರಿಸಿ ಶಿಕ್ಷೆಗೆ ಗುರಿಯಾದರು, ಪಟ್ಟವನ್ನೂ ಕಳೆದುಕೊಂಡರು. 2018ರಲ್ಲಿ, ಅವರು ಮರಣ ಹೊಂದಿ ಎರಡು ವರ್ಷಗಳ ಬಳಿಕ, ಅವರಿಗೆ ಕ್ಷಮಾದಾನ ನೀಡುವ ಯೋಚನೆಯಿದೆಯೆಂದು ಟ್ರಂಪ್ ಅವರು ಹೇಳಿದರು. ಅಲಿಯವರ ವಕೀಲರು ಅದರ ಅಗತ್ಯವಿಲ್ಲವೆಂದು ತಿಳಿಸಿದರು. ಏಕೆಂದರೆ 1971ರ ಜೂನ್ 28ರಂದೇ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಪಡಿಸಿತ್ತು. ನಿರಪರಾಧಿಗೆ ಬೇಕಾದದ್ದು ನ್ಯಾಯ. ಅದು ಸಿಕ್ಕಿದವನು ಯಾವ ಅರಮನೆಯ ದಾನಕ್ಕೂ ಕೈ ಚಾಚುವುದಿಲ್ಲ.

ಎರಡನೆಯ ಆಕ್ಷೇಪ ನಮ್ಮನ್ನೇ ಚುಚ್ಚುವಂಥದ್ದು. ನಿಮ್ಮ ದಿಯತ್ ಕಾನೂನು ಶ್ರೀಮಂತ ಕೊಲೆಗಾರನಿಗೆ ಬಿಡುಗಡೆಯ ಚೀಟಿಯಲ್ಲವೇ ಎಂದು ಕೇಳುತ್ತಾರೆ. 2011ರ ಜನವರಿಯಲ್ಲಿ ರೇಮಂಡ್ ಡೇವಿಸ್ ಎಂಬ ಅಮೆರಿಕದ ಗುಪ್ತಚರ ಗುತ್ತಿಗೆದಾರ ಲಾಹೋರಿನಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದ. ಮಾರ್ಚ್ ತಿಂಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಡಾಲರುಗಳ ಪರಿಹಾರಧನ ಪಾವತಿಯಾಗಿ ಆತ ದೇಶ ಬಿಟ್ಟ. ವಾರಸುದಾರರು ಸ್ವಇಚ್ಛೆಯಿಂದ ಕ್ಷಮಿಸಿದರೋ ಒತ್ತಡಕ್ಕೆ ಮಣಿದರೋ ಎಂಬ ಪ್ರಶ್ನೆ ಅಂದೇ ಎದ್ದಿತು. 2007ರಲ್ಲಿ ಪಾಕಿಸ್ತಾನದ ಅಧ್ಯಕ್ಷ ಪರ್ವೇಝ್ ಮುಶರ್ರಫ್ ರಾಷ್ಟ್ರೀಯ ಸಾಮರಸ್ಯವೆಂಬ ಹೆಸರಿನ ಸುಗ್ರೀವಾಜ್ಞೆಯಿಂದ ರಾಜಕಾರಣಿಗಳ ಮೇಲಿನ ಮೊಕದ್ದಮೆಗಳನ್ನು ಅಳಿಸಿಹಾಕಿದರು. 2009ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಮುಸ್ಲಿಮ್ ಹೆಸರಿನ ಆಡಳಿತಗಾರನು ಮಾಡಿದ ಮಾತ್ರಕ್ಕೆ ಅಕ್ರಮವು ಸಕ್ರಮವಾಗುವುದಿಲ್ಲ. ಬಂದೂಕಿನ ನೆರಳಿನಲ್ಲಿ, ಹಸಿವಿನ ಒತ್ತಡದಲ್ಲಿ ಪಡೆದ ಒಪ್ಪಿಗೆ ಕ್ಷಮೆಯಲ್ಲ. ಅದು ಎರಡನೆಯ ಅನ್ಯಾಯ.

ನಮ್ಮ ನೆಲದ ಮಾತು

ಇದು ದೂರದ ದೇಶದ ವಿಷಯವೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಸಂವಿಧಾನದ 72ನೆಯ ವಿಧಿಯು ರಾಷ್ಟ್ರಪತಿಗೂ 161ನೆಯ ವಿಧಿಯು ರಾಜ್ಯಪಾಲರಿಗೂ ಇಂತಹ ಅಧಿಕಾರವನ್ನು ನೀಡಿದೆ. ಆದರೆ ಇಲ್ಲಿ ಒಂದು ಶುಭಕರ ವ್ಯತ್ಯಾಸವಿದೆ. 2006ರ ಏಪೂರು ಸುಧಾಕರ್ ಪ್ರಕರಣದಲ್ಲಿ ಆಂಧ್ರಪ್ರದೇಶದ ಆಡಳಿತ ಪಕ್ಷದ ವ್ಯಕ್ತಿಯೊಬ್ಬನಿಗೆ ದೊರೆತ ಶಿಕ್ಷೆಯ ಮಾಫಿಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಧರ್ಮ, ಜಾತಿ, ರಾಜಕೀಯ ನಿಷ್ಠೆಗಳು ಕ್ಷಮಾದಾನಕ್ಕೆ ಆಧಾರವಾಗಬಾರದೆಂದು ಸಾರಿತು. ಆ ಅರ್ಜಿಯನ್ನು ಹಿಡಿದು ಬಂದವರು ಕೊಲ್ಲಲ್ಪಟ್ಟವರ ಮಕ್ಕಳಾಗಿದ್ದರು ಎಂಬುದನ್ನು ಮರೆಯದಿರಿ.

ಬಿಲ್ಕಿಸ್ ಬಾನು ಪ್ರಕರಣ ನಮಗೆಲ್ಲ ತಿಳಿದದ್ದೇ. ಅದು ರಾಷ್ಟ್ರಪತಿಯ ಕ್ಷಮಾದಾನವಲ್ಲ, ರಾಜ್ಯ ಸರಕಾರವೊಂದು ನೀಡಿದ ಅವಧಿಪೂರ್ವ ಬಿಡುಗಡೆ. ಆದರೆ ಒಳಗಿನ ರೋಗ ಒಂದೇ. 2002ರ ಗುಜರಾತ್ ಹಿಂಸಾಚಾರದಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ 11 ಮಂದಿ 2022ರ ಆಗಸ್ಟ್ 15ರಂದು ಹೊರಬಂದರು. ಅವರ ಕೊರಳಿಗೆ ಹಾರಗಳು ಬಿದ್ದವು. 3 ವರ್ಷದ ಮಗಳನ್ನು ಕಳೆದುಕೊಂಡ ಆ ತಾಯಿಯನ್ನು ಯಾರೂ ಕೇಳಿರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 2024ರ ಜನವರಿ 8ರಂದು ನಮ್ಮ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು ಆ ಬಿಡುಗಡೆಯನ್ನು ರದ್ದುಗೊಳಿಸಿ, ಎಲ್ಲರೂ ಎರಡು ವಾರಗಳಲ್ಲಿ ಸೆರೆಮನೆಗೆ ಮರಳಬೇಕೆಂದು ಆದೇಶಿಸಿತು. ಬಗ್ದಾದಿನ ತಾಯಂದಿರಿಗೆ ಇಂತಹ ಪೀಠವಿಲ್ಲ. ಅಮೆರಿಕದಲ್ಲಿ ಅಧ್ಯಕ್ಷನ ಸಹಿಯ ಮೇಲೆ ಮೇಲ್ಮನವಿಯಿಲ್ಲ. ಸಂಯುಕ್ತ ರಾಷ್ಟ್ರಸಂಘದ ತಜ್ಞರು ಆ ಕ್ಷಮಾದಾನವನ್ನು ಅಂತಾರಾಷ್ಟ್ರೀಯ ಕಾನೂನಿನ ಉಲ್ಲಂಘನೆಯೆಂದು ಖಂಡಿಸಿದರು; ಸ್ಲ್ಯಾಟನ್ ಮತ್ತು ಸಂಗಡಿಗರು ಮನೆಯಲ್ಲಿದ್ದಾರೆ.

ನಮ್ಮ ಮನೆಯಂಗಳದ ಅಧ್ಯಕ್ಷರು

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಅನೇಕರಿಗೆ ಹಿತವಾದೀತು. ಆದರೆ ಅನ್ಯರ ಮನೆಯ ಕಸವನ್ನು ತೋರಿಸಿದವನು ತನ್ನ ಅಂಗಳವನ್ನೂ ಗುಡಿಸಬೇಕು. ವರ್ಷಗಳ ಹಿಂದೆ ಒಂದು ಪಂಚಾಯ್ತಿಕೆಯಲ್ಲಿ ನಾನು ಕುಳಿತಿದ್ದೆ. ಪತಿಯ ಹೊಡೆತದಿಂದ ಕೈ ಮುರಿದುಕೊಂಡ ಹೆಣ್ಣುಮಗಳು ಒಳಕೋಣೆಯಲ್ಲಿದ್ದಳು. ಹೊರಗೆ ಹಿರಿಯರು ಕ್ಷಮೆಯ ಮಹತ್ವವನ್ನು ಮಾತಾಡುತ್ತಿದ್ದರು. ಗಂಡನ ಮನೆತನದ ಗೌರವ, ಮಕ್ಕಳ ಭವಿಷ್ಯ, ಸಮುದಾಯದ ಮಾನ ಎಲ್ಲವೂ ಚರ್ಚೆಗೆ ಬಂತು. ಕೊನೆಗೆ ಅವಳು ಕ್ಷಮಿಸಿದ್ದಾಳೆಂದು ಬರೆದು ಮುಗಿಸಲಾಯಿತು. ಬಾಗಿಲು ತೆರೆದು ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಂದು ಫಾತಿಹಾ ಓದಿ ಚಹಾ ಕುಡಿದು ಎದ್ದು ಬಂದವರಲ್ಲಿ ನಾನೂ ಒಬ್ಬ.

ವಾಷಿಂಗ್ಟನ್ನಿನ ಸಹಿಗೂ ನಮ್ಮ ಆ ಕಾಗದಕ್ಕೂ ಗಾತ್ರದಲ್ಲಿ ವ್ಯತ್ಯಾಸವಿರಬಹುದು, ಜಾತಿಯಲ್ಲಿ ಇಲ್ಲ. ಎರಡರಲ್ಲೂ ನೊಂದವರ ಹಕ್ಕನ್ನು ನೋಯದವರು ದಾನ ಮಾಡಿದರು. ಆದ್ದರಿಂದ ಜಮಾಅತ್‌ಗಳ ಹಿರಿಯರಲ್ಲಿ ನನ್ನ ಕೋರಿಕೆ: ಸಂಧಾನ ಮಾಡಿಸಿರಿ, ಅದು ಪುಣ್ಯದ ಕೆಲಸ, ಆದರೆ ಮೊದಲು ಒಳಕೋಣೆಯ ಬಾಗಿಲನ್ನು ತೆರೆಯಿರಿ. ಆಕೆ ‘ಇಲ್ಲ’ ಎಂದರೆ ಆ ‘ಇಲ್ಲ’ವನ್ನು ಗೌರವಿಸಿ, ನ್ಯಾಯಾಲಯದವರೆಗೂ ಅವಳ ಜೊತೆ ನಡೆಯಿರಿ.

ನನ್ನ ವಿದ್ಯಾರ್ಥಿಗೆ ಮರುದಿನ 41 ಮತ್ತು 42ನೆಯ ವಚನಗಳನ್ನು ಓದಿಸಿದೆ. ತನ್ನ ಮೇಲೆ ಅನ್ಯಾಯವಾದ ಬಳಿಕ ಪ್ರತೀಕಾರ ಬಯಸುವವರ ಮೇಲೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಜನರ ಮೇಲೆ ಅಕ್ರಮವೆಸಗಿ ಭೂಮಿಯಲ್ಲಿ ಅನ್ಯಾಯವಾಗಿ ಮೆರೆಯುವವರ ಮೇಲೆ ಎಂಬುದು ಅವುಗಳ ಆಶಯ. ಕ್ಷಮೆಯ ಪ್ರಶಂಸೆಯ ಬೆನ್ನಲ್ಲೇ ಅಲ್ಲಾಹನು ಪೀಡಿತನ ಹಕ್ಕಿಗೆ ಕಾವಲು ನಿಲ್ಲಿಸಿದ್ದಾನೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: “ಹಾಗಾದರೆ ಆ ಬಾಲಕನ ತಂದೆ ಕ್ಷಮಿಸದಿದ್ದರೆ ಅವರು ಕೆಟ್ಟವರಲ್ಲ ಅಲ್ಲವೇ ಉಸ್ತಾದರೇ?”

ಅಲ್ಲ, ಮಗೂ. ಅವರು ಕ್ಷಮಿಸಿದರೆ ಅದು ಅವರ ಔದಾರ್ಯ, ಕ್ಷಮಿಸದಿದ್ದರೆ ಅದು ಅವರ ಹಕ್ಕು. ಯಾವ ಅಧ್ಯಕ್ಷನ ಸಹಿಯೂ ನಡೆಯದ ಒಂದು ದಿನ ಬರಲಿದೆ. ಮನುಷ್ಯರ ನಡುವೆ ಅಂದು ಮೊದಲು ತೀರ್ಪಾಗುವುದು ರಕ್ತದ ವಿಷಯದಲ್ಲಿ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಂದು ಆ 9 ವರ್ಷದ ಬಾಲಕನನ್ನು ಕೇಳಲಾಗುವುದು.

ಅನ್ಯರ ಹಕ್ಕನ್ನು ಹೊತ್ತುಕೊಂಡು ಆ ದಿನವನ್ನು ಎದುರಿಸುವ ದುರ್ಗತಿಯಿಂದ ಅಲ್ಲಾಹನು ನಮ್ಮನ್ನು ರಕ್ಷಿಸಲಿ. ನೊಂದವರ ಪರವಾಗಿ ನಿಲ್ಲುವ ಧೈರ್ಯವನ್ನೂ ನಮ್ಮದೇ ಹಕ್ಕುಗಳ ವಿಷಯದಲ್ಲಿ ಕ್ಷಮಿಸುವ ವಿಶಾಲ ಹೃದಯವನ್ನೂ ನಮಗೆಲ್ಲ ಕರುಣಿಸಲಿ. ಆಮೀನ್.